ಅಕ್ಕ ಮೂಸುವ ಕಿವಿ

ಊಟ ಮಾಡುತ್ತಾ ಪುಸ್ತಕ ಓದುವ ಚಾಳಿ ಇರುವವರು ಇದನ್ನು ಪಕ್ಕಕ್ಕಿಟ್ಟು, ಕೈ ತೊಳೆದ ಮೇಲೆ ಓದಿ. ನಾನು ಹೇಳಹೊರಟಿರುವುದು ಕಿವಿಯ ಗುಗ್ಗೆಯ ವಿಚಾರ. ಅದೂ ನನ್ನ ಕಿವಿಯದ್ದೇ. ಬೇರೆಯವರದಾಗಿದ್ದರೆ ಬರೆಯುವುದಿರಲಿ, ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ನನ್ನ ಎಡಗಿವಿ ಎಂದೋ ಕೈಬಿಟ್ಟಿತು. ಬಲಗಿವಿ ಅರೆಜೀವ ಹಿಡಿದುಕೊಂಡಿದೆ. ಅದರ ಹಿಂದೆ ಒಂದು ಮಿಷನ್ ಕೂತಿರುತ್ತದೆ. ಗೋಡಂಬಿಗಿಂತ ಒಂಚೂರು ದೊಡ್ಡದು, ಅದರ ಹಾಗೆಯೇ ಬಾಗಿದ್ದು. ಅದರಿಂದ ಹೊರಟ ಸಣ್ಣ ಟ್ಯೂಬು ಕಿವಿಯ ಮೇಲಿಂದ ಇಳಿದು ಬಂದು ಮೋಲ್ಡಿಗೆ ಸೇರುತ್ತದೆ. ಮೋಲ್ಡು ಅಂದರೆ ಕಿವಿಯ ತೂತಿನ ಅಳತೆ ತೆಗೆದು ಮಾಡಿದ ಅಚ್ಚು. ಗಾಜಿನಂತೆ ಪಾರದರ್ಶಕ. ಬೆಳಗ್ಗೆ ಮಾತ್ರ.

ಸಂಜೆ ಹೊತ್ತಿಗೆ ಅದನ್ನು ಕಿವಿಯಿಂದ ಕಿತ್ತರೆ ಪಚಕ್ ಎನ್ನುತ್ತದೆ. ಬೆವರು, ಎಣ್ಣೆಜಿಡ್ಡು, ಮೇಲೆ ಹಳದಿ ಮೇಣ. ಕೆಟ್ಟ ಬೆಣ್ಣೆಯ ಕಮಟು ವಾಸನೆ. ಮಾತು ಒಳಗೆ ಹೋಗಬೇಕಾದ ತೂತಿನಲ್ಲೇ ಗುಗ್ಗೆ ಬೆಣೆ ಹೊಡೆದ ಹಾಗೆ ಕೂತಿರುತ್ತದೆ. ಸಣ್ಣ ತಂತಿಯ ಕುಣಿಕೆಯಿಂದ ಅದನ್ನು ಎಬ್ಬಬೇಕು. ಮೋಲ್ಡು, ಟ್ಯೂಬು ಎರಡನ್ನೂ ಮಿಷನ್ನಿನಿಂದ ಬಿಡಿಸಿ, ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ತೊಳೆದು, ಟ್ಯೂಬಿನಲ್ಲಿ ನಿಂತ ನೀರನ್ನು ರಬ್ಬರ್ ಬುರುಡೆ ಒತ್ತಿ ಗಾಳಿ ಊದಿ ಹೊರಗೆ ಹಾಕಬೇಕು. ಮಿಷನ್ನಿಗೆ ಮಾತ್ರ ಒಂದು ಹನಿ ನೀರೂ ತಾಗಕೂಡದು. ಅದನ್ನು ಒಣಬಟ್ಟೆಯಲ್ಲಿ ಒರೆಸಿ, ಬ್ಯಾಟರಿಯ ಪುಟ್ಟ ಬಾಗಿಲು ತೆರೆದೇ ಬಿಟ್ಟು, ತೇವ ಹೀರುವ ಮಣಿಗಳಿರುವ ಡಬ್ಬಿಯಲ್ಲಿ ಮಲಗಿಸಬೇಕು. ಇದಕ್ಕೆಂದು ನನ್ನ ಬಚ್ಚಲಲ್ಲಿ ಬೇರೆ ಬಟ್ಟಲು, ಬೇರೆ ಸೋಪು, ಬೇರೆ ಬಟ್ಟೆ ಇದೆ. ಅಪ್ಪಿತಪ್ಪಿ ಯಾರಾದರೂ ಆ ಬಟ್ಟೆಯಲ್ಲಿ ಮುಖ ಒರೆಸಿಕೊಂಡರೆ ಅದು ಅವರ ಕರ್ಮ.

ನನಗೆ ಹುಟ್ಟಾ ಅಸಹ್ಯ ಜಾಸ್ತಿ. ಸುಂಕದಕಟ್ಟೆ ಇನ್ನೂ ರಾಗಿ ಹೊಲಗಳ ಹಳ್ಳಿಯಾಗಿದ್ದ ಕಾಲದಲ್ಲಿ ನಾನೂ ನನ್ನ ಅಕ್ಕನೂ ಬದುವಿನ ಮೇಲಿದ್ದ ಸೀಬೆ ಮರದ ಕೆಳಗೇ ಬೆಳೆದವರು. ಇರುವ ಒಂದು ಸೀಬೆಕಾಯಿಯನ್ನು ಅಕ್ಕ ಕಚ್ಚಿ ಕೊಟ್ಟರೆ ನಾನು ಮುಟ್ಟುತ್ತಿರಲಿಲ್ಲ, ಎಂಜಲು ಅಂತ. ಅದಕ್ಕೆ ಅವಳು ಲಂಗದ ಅಂಚನ್ನು ಕಾಯಿಯ ಮೇಲೆ ಹೊದಿಸಿ, ಬಟ್ಟೆಯ ಮೇಲಿಂದಲೇ ಕಚ್ಚಿ ಮುರಿಯುತ್ತಿದ್ದಳು. ಹಲ್ಲು ತಾಗಲಿಲ್ಲ, ಎಂಜಲು ತಾಗಲಿಲ್ಲ. ಮಕ್ಕಳ ಭಾಷೆಯಲ್ಲಿ ಅದು ಕಾಗೆ ಎಂಜಲು, ದೋಷವಿಲ್ಲ. ನಾನು ಅದನ್ನೂ ತಿರುಗಿಸಿ ತಿರುಗಿಸಿ ನೋಡಿ, ಬಾವಿ ನೀರಲ್ಲಿ ತೊಳೆದು ತಿನ್ನುತ್ತಿದ್ದೆ.

"ನಿನ್ನಂಥೋಳ್ನ ಯಾವನ್ ಕಟ್ಕೋತಾನೋ, ಅವನ ಗತಿ ದೇವರಿಗೇ ಪ್ರೀತಿ ಕಣೇ" ಎನ್ನುತ್ತಿದ್ದಳು ಅಕ್ಕ.

ಕಟ್ಟಿಕೊಂಡವರು ರಾಜಾಜಿನಗರದವರು. ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ವರ್ಕ್‌ಶಾಪು ಇಟ್ಟುಕೊಂಡಿದ್ದಾರೆ. ಒಳ್ಳೆಯ ಮನುಷ್ಯ. ಆದರೆ ಮಿಷನ್ ಹಾಕಿಸಿಕೊಂಡ ಮೊದಲ ದಿನ ಊಟಕ್ಕೆ ಕೂತಾಗ ಪಕ್ಕದಲ್ಲಿ ಯಾರೋ ಕೆಸರಿನಿಂದ ಕಾಲು ಕೀಳುತ್ತಿದ್ದಾರೆ ಅನ್ನಿಸಿ ತಿರುಗಿ ನೋಡಿದೆ. ನಮ್ಮವರು ಸಾರನ್ನ ಉಣ್ಣುತ್ತಿದ್ದರು. ಇಷ್ಟು ವರ್ಷ ಈ ಮನುಷ್ಯನ ಜೊತೆ ನಾನು ನೆಮ್ಮದಿಯಾಗಿ ಬಾಳಿದ್ದು ಕಿವುಡಿನ ದಯೆಯಿಂದ ಎಂದು ಅವತ್ತು ಗೊತ್ತಾಯಿತು.

ಬೆಳಗ್ಗೆಯಂತೂ ಕೇಳಲೇಬೇಡಿ. ಕೋಗಿಲೆ ಕೇಳುತ್ತದೆ, ದೇವಸ್ಥಾನದ ಗಂಟೆ ಕೇಳುತ್ತದೆ ಎಂದೆಲ್ಲ ಹೇಳಿ ನನ್ನನ್ನು ಒಪ್ಪಿಸಿದ್ದರು. ನನಗೆ ಕೇಳಿದ್ದು ಕ್ಯಾಕರಿಕೆ. ಮೇಲಿನ ಮನೆಯವರು, ಎದುರು ಮನೆಯವರು, ಹಿಂದಿನ ಓಣಿಯವರು, ಎಲ್ಲರೂ ನಾಲಿಗೆ ಗೀಸಿಕೊಂಡು, ಕರುಳೇ ಈಚೆಗೆ ಬರುವ ಹಾಗೆ ಓಕರಿಸಿ ಉಗುಳುತ್ತಿದ್ದರು. ಇಡೀ ಬ್ಲಾಕಿಗೆ ಬ್ಲಾಕೇ ವಾಂತಿ ಮಾಡಿಕೊಳ್ಳುತ್ತಿದೆ ಅನ್ನಿಸಿತು. ಅವತ್ತು ತಿಂಡಿ ಸೇರಲಿಲ್ಲ.

ಮಿಷನ್ ಕೊಟ್ಟ ಕ್ಲಿನಿಕ್ಕಿನ ಹುಡುಗಿಯ ಹತ್ತಿರ ಹೋಗಿ, "ತಗೊಂಬಿಡಮ್ಮ, ಬೇಡ ನಂಗೆ. ಕಿವಿಯೊಳಗೂ ಗಲೀಜು, ಕಿವಿಯಾಚೆಗೂ ಗಲೀಜು" ಎಂದೆ.

"ಅಭ್ಯಾಸ ಆಗುತ್ತೆ ಆಂಟಿ. ನಿಮಗೆ ತುಂಬಾ ಇಷ್ಟ ಇರೋರ ಮಾತು ಕೇಳೋಕೆ ಅಂತ ಹಾಕ್ಕೊಳಿ" ಎಂದಳು ಆ ಹುಡುಗಿ.

ಅದೊಂದು ಮಾತಿಗೆ ಕಟ್ಟುಬಿದ್ದೆ. ಏಕೆಂದರೆ ಕೆಂಗೇರಿಯಲ್ಲಿ ನನ್ನ ಅಕ್ಕ ಇದ್ದಳು.

ಅಕ್ಕನನ್ನು ಮದುವೆ ಮಾಡಿಕೊಟ್ಟಿದ್ದು ಕೆಂಗೇರಿಯ ಹಳೇ ಒಕ್ಕಲು ಮನೆಗೆ. ಅಲ್ಲಿ ಅವಳು ಎಲೆಯಡಿಕೆ ಕಲಿತಳು, ಅದರ ಜೊತೆ ಹೊಗೆಸೊಪ್ಪು ಕಲಿತಳು. ಮಂಚದ ಪಕ್ಕ ಒಂದು ಹಳೇ ತಗಡಿನ ಡಬ್ಬ, ಅದರ ತುಂಬ ಕೆಂಪು ಉಗುಳು. ನಾನು ಹೋದಾಗಲೆಲ್ಲ ಆ ಡಬ್ಬಕ್ಕೆ ಬೆನ್ನು ಮಾಡಿ ಕೂರುತ್ತಿದ್ದೆ. ಅವಳು ನನ್ನನ್ನು ರೇಗಿಸಲೆಂದೇ ಮಾತಿನ ನಡುವೆ ಡಬ್ಬ ಎತ್ತಿ ನನ್ನ ಮುಂದೆಯೇ ಉಗುಳುತ್ತಿದ್ದಳು. ಥೂ, ಈಗ ನೆನೆಸಿಕೊಂಡರೂ ಗಂಟಲಿಗೆ ಬರುತ್ತದೆ. ಆದರೂ ವಾರಕ್ಕೊಮ್ಮೆ ಅವಳ ಮಾತು ಕೇಳದಿದ್ದರೆ ನನಗೆ ಆಗುತ್ತಿರಲಿಲ್ಲ. ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡರು, ಯಾವ ಸೊಸೆ ಯಾವ ಅತ್ತೆಗೆ ನೀರು ಕುಡಿಸಿದಳು, ಅಮ್ಮ ಮಸ್ಸೊಪ್ಪಿಗೆ ಯಾವ ಸೊಪ್ಪು ಎಷ್ಟು ಹಾಕುತ್ತಿದ್ದಳು, ಎಲ್ಲ ಅವಳ ಬಾಯಲ್ಲೇ ಬರಬೇಕು.

ಆ ಬಾಯಿಯ ದನಿ ಒಡೆಯಿತು. ಮೊದಲು ಕರಕರ ಅಂತಿತ್ತು, ಆಮೇಲೆ ಬರೀ ಗಾಳಿ. ನನಗೆ ಮಿಷನ್ ಬಂದ ಹೊತ್ತಿಗೆ ಅವಳದು ಪಿಸುಮಾತಿಗೆ ಇಳಿದಿತ್ತು. ಮಂಡಿಗೆ ಮಂಡಿ ತಾಗಿಸಿ ಕೂತರೆ ಮಿಷನ್ ಅದನ್ನು ಹೆಕ್ಕಿ ಕೊಡುತ್ತಿತ್ತು. ಮಿಷನ್ ಇಲ್ಲದೆ ಅವಳ ತುಟಿ ಆಡುವುದು ಮಾತ್ರ ಕಾಣುತ್ತಿತ್ತು.

ಡಾಕ್ಟರು ಕೊನೆಗೆ ಹೇಳಿಬಿಟ್ಟರು. ಗಂಟಲಲ್ಲಿ ಗಡ್ಡೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ವಿಜಯದಶಮಿಯ ಮಾರನೇ ದಿನ ಆಸ್ಪತ್ರೆಗೆ ಸೇರಬೇಕು. ಅಕ್ಕನಿಗೆ ಸಹಿ ಬಿಟ್ಟರೆ ಬರೆಯಲು ಬಾರದು. ಇನ್ನು ಅವಳು ಏನು ಹೇಳಬೇಕಿದ್ದರೂ ಹಬ್ಬದೊಳಗೆ ಹೇಳಬೇಕು, ನಾನು ಕೇಳಬೇಕು.

"ದಸಮಿ ದಿನ ಬಾರೇ. ಬೆಳಗ್ಗಿಂದ ಸಂಜೆ ಗಂಟ ಕೂತು ಮಾತಾಡಣ. ಮಿಷನ್ ಮರೀಬೇಡ" ಎಂದಳು ಅಕ್ಕ, ಆ ಗಾಳಿಯ ದನಿಯಲ್ಲಿ.

ಮರೆಯುವುದೆಲ್ಲಿ ಬಂತು. ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಹೊಸ ಬ್ಯಾಟರಿ ತಂದಿಟ್ಟೆ. ಆಯುಧಪೂಜೆಯ ಬೆಳಗ್ಗೆ ಎಣ್ಣೆ ಹಚ್ಚಿಕೊಂಡು ತಲೆಗೆ ನೀರು ಹಾಕಿಕೊಳ್ಳಲು ಹೋದಾಗ ಮಿಷನ್ ತನ್ನ ಡಬ್ಬಿಯಲ್ಲಿ, ಬಾಗಿಲು ತೆರೆದುಕೊಂಡು ಭದ್ರವಾಗಿತ್ತು. ಹಿಂದಿನ ದಿನ ಹಬ್ಬದ ಕೆಲಸದಲ್ಲಿ ಸುಸ್ತಾಗಿ ಮೋಲ್ಡು ಮಾತ್ರ ತೊಳೆದಿರಲಿಲ್ಲ.

ತಲೆಗೆ ಟವಲ್ ಸುತ್ತಿಕೊಂಡು ಈಚೆ ಬಂದೆ. ವರ್ಕ್‌ಶಾಪಿನ ಪೂಜೆಗೆ ಹೊರಡುವ ಮುಂಚೆ ನಮ್ಮವರು ಮನೆಯ ಪೂಜೆ ಮುಗಿಸುತ್ತಾರೆ. ಬಾಗಿಲಲ್ಲಿ ಸ್ಕೂಟರು. ಒಳಗೆ ಮಣೆಯ ಮೇಲೆ ಸಾಲಾಗಿ ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಈಳಿಗೆ ಮಣೆ, ಸ್ಪ್ಯಾನರ್ ಸೆಟ್ಟು. ಮಿಕ್ಸಿಗೂ ಸ್ಪ್ಯಾನರಿಗೂ ಮಧ್ಯೆ ನನ್ನ ಕಿವಿ ಮಿಷನ್.

ಅದಕ್ಕೆ ವಿಭೂತಿಯ ಮೂರು ಗೆರೆ. ದನಿ ಹೀರುವ ಎರಡು ಸಣ್ಣ ತೂತುಗಳ ಮೇಲೆ ಸರಿಯಾಗಿ ಗುರಿ ಇಟ್ಟು, ನೀರಲ್ಲಿ ಕಲಸಿದ ಅರಿಶಿನ, ಕುಂಕುಮದ ಎರಡು ಬೊಟ್ಟು. ತೆರೆದಿದ್ದ ಬ್ಯಾಟರಿ ಬಾಗಿಲಿಗೆ ಸಿಕ್ಕಿಸಿದ ಸೇವಂತಿಗೆ. ಇಡೀ ಸಾಲಿನ ಮೇಲೆ ಪ್ರೋಕ್ಷಣೆ ಮಾಡಿದ ನೀರು. ನಾನು ನೋಡುವ ಹೊತ್ತಿಗೆ ನಮ್ಮವರು ಕಣ್ಣುಮುಚ್ಚಿಕೊಂಡು ಮಂಗಳಾರತಿ ಎತ್ತುತ್ತಿದ್ದರು. ಮೋಲ್ಡಿನ ಮೇಲೆ ನನ್ನ ಹಿಂದಿನ ದಿನದ ಗುಗ್ಗೆ ಹಾಗೇ ಇತ್ತು. ನನ್ನ ಗುಗ್ಗೆಗೆ ಕರ್ಪೂರದಾರತಿ.

"ಏನ್ರೀ ಮಾಡಿದ್ರಿ" ಎಂದು ನಾನು ಕಿರುಚಿದ್ದು ಬಹುಶಃ ಬೀದಿಗೆಲ್ಲ ಕೇಳಿರಬೇಕು.

ಅವರು ಆರತಿ ಕೆಳಗಿಟ್ಟು, ನನ್ನ ಬಲಗಿವಿಯ ಹತ್ತಿರ ಬಂದು ಕೂಗಿದರು. "ಅದೂ ಮಿಷನ್ನೇ ಅಲ್ವೇನೇ. ವರ್ಷಕ್ಕೊಂದ್ಸಲ ಅದಕ್ಕೂ ಬೇಡ್ವಾ. ನಾಳೆ ನಿಮ್ಮಕ್ಕನ ಮಾತು ಚೆನ್ನಾಗಿ ಕೇಳ್ಸ್ಲಿ ಅಂತಾನೇ ಇಟ್ಟಿದ್ದು ಕಣೇ."

ಹೊಡೆಯೋಣವೆಂದರೆ ಕೈಯಲ್ಲಿ ಟವಲ್ ಬಿಟ್ಟು ಬೇರೇನೂ ಇರಲಿಲ್ಲ. ಹೂವು ಕಿತ್ತೆ, ಒರೆಸಿದೆ, ಹೊಸ ಬ್ಯಾಟರಿ ಹಾಕಿದೆ. ಒಗ್ಗರಣೆ ಸಿಡಿದ ಹಾಗೆ ಒಂದು ಸಲ ಚಟಪಟ ಅಂದು ಸತ್ತುಹೋಯಿತು. ಆಟೋ ಹಿಡಿದು ಕ್ಲಿನಿಕ್ಕಿಗೆ ಓಡಿದೆವು. ಷಟರ್ ಎಳೆದಿತ್ತು, ಎರಡೂ ಕಡೆ ಬಾಳೆಕಂದು, ಮುಂದೆ ಕುಂಕುಮ ಬಳಿದು ಒಡೆದ ಬೂದುಗುಂಬಳ. ವಿಜಯನಗರದಲ್ಲಿ ಇನ್ನೊಂದು ಅಂಗಡಿ ಇದೆ ಎಂದು ಅಲ್ಲಿಗೂ ಹೋದೆವು. ಅಲ್ಲೂ ಅದೇ ಬಾಳೆಕಂದು, ಅದೇ ಕುಂಬಳ. ಇಡೀ ಊರು ಆಯುಧಗಳಿಗೆ ಪೂಜೆ ಮಾಡಿ, ದಶಮಿಯೂ ಕಳೆಯಲಿ ಎಂದು ಬಾಗಿಲು ಹಾಕಿಕೊಂಡು ಮಲಗಿತ್ತು.

ಮಾರನೇ ದಿನ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಒಬ್ಬಳೇ ಕೆಂಗೇರಿಗೆ ಹೋದೆ. ಅಕ್ಕ ಜಗಲಿಯ ಮಂಚದ ಮೇಲೆ ತಲೆ ಬಾಚಿಕೊಂಡು, ಹಬ್ಬದ ಸೀರೆ ಉಟ್ಟು ಕಾಯುತ್ತಿದ್ದಳು. ಉಗುಳುವ ಡಬ್ಬ ಇರಲಿಲ್ಲ, ಡಾಕ್ಟರು ಎಲೆಯಡಿಕೆ ಬಿಡಿಸಿದ್ದರು. ನಾನು ಅಂಗೈ ತೆರೆದು ಅರಿಶಿನ ಹಿಡಿದ ಮಿಷನ್ ತೋರಿಸಿದೆ. ಆದದ್ದನ್ನು ಹೇಳಿದೆ. ಅವಳು ನಕ್ಕಳು. ಭುಜ ಕುಣಿಯುವುದು ಕಂಡಿತು, ನಗು ಕೇಳಲಿಲ್ಲ.

ಆಮೇಲೆ ಮಾತು ಶುರು ಮಾಡಿದಳು. ತುಟಿ ಆಡಿತು, ಕೈ ಆಡಿತು, ಹುಬ್ಬು ಮೇಲೆ ಹೋಯಿತು. ಯಾರದ್ದೋ ಸುದ್ದಿ, ಒಳ್ಳೆಯ ಸುದ್ದಿಯೇ ಇರಬೇಕು. ನನಗೆ ಒಂದಕ್ಷರ ಬೀಳಲಿಲ್ಲ.

"ಕೇಳ್ಸಲ್ಲ ಕಣಕ್ಕ" ಎಂದೆ. ಇನ್ನೊಂದು ಸಲ ಹೇಳಿದಳು. "ಕೇಳ್ಸ್ತಾ ಇಲ್ಲ ಅಕ್ಕ" ಎಂದು ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಇಷ್ಟು ದಿನ ಬೇಡದ ಕ್ಯಾಕರಿಕೆಯನ್ನೆಲ್ಲ ಕೇಳಿದ ಕಿವಿಗೆ ಇವತ್ತು, ಬೇಕಾದ ಒಂದು ದಿನ, ಏನೂ ಇಲ್ಲ.

ಅಕ್ಕ ಎದ್ದು ನನ್ನ ಬಲಕ್ಕೆ ಬಂದಳು. ಕೂದಲು ಸರಿಸಿ ಕಿವಿ ಹಿಡಿದಳು. ಬಾಯಿ ತಂದವಳು ತಡೆದು, ತನ್ನ ಸೆರಗನ್ನು ಎಳೆದು ನನ್ನ ಕಿವಿಯ ಮೇಲೆ ಹೊದಿಸಿದಳು. ಆಮೇಲೆ ಬಟ್ಟೆಯ ಮೇಲಿಂದ ಬಾಯಿ ಇಟ್ಟು ಮಾತಾಡಿದಳು. ನನಗೆ ಬುಸ್ ಬುಸ್ ಎಂಬ ಉಸಿರು ಮಾತ್ರ ಬಡಿಯಿತು. ಒಂದು ಕ್ಷಣ ಏನು ಮಾಡುತ್ತಿದ್ದಾಳೆ ಎಂದೇ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಮೊಮ್ಮಕ್ಕಳನ್ನು ಕಂಡ ಮುದುಕಿ, ತಂಗಿಗೆ ಅಸಹ್ಯವಾದೀತೆಂದು ಕಾಗೆ ಎಂಜಲು ಮಾಡುತ್ತಿದ್ದಳು.

ನಾನು ಸೆರಗನ್ನು ಕಿತ್ತು ಆಚೆ ಹಾಕಿದೆ. ಅವಳ ತಲೆ ಹಿಡಿದು ಬಾಯನ್ನು ನನ್ನ ಕಿವಿಗೆ ಒತ್ತಿಕೊಂಡೆ. ಒದ್ದೆ ತುಟಿ. ಬಾಯಿಂದ, ಬಿಟ್ಟರೂ ಹೋಗದ ಹೊಗೆಸೊಪ್ಪಿನ, ಹುಣ್ಣಿನ ವಾಸನೆ. ಸುಳ್ಳು ಹೇಳುವುದಿಲ್ಲ, ಅಸಹ್ಯವಾಯಿತು. ಆದರೆ ಅಲ್ಲಾಡಲಿಲ್ಲ.

ಎಲ್ಲೋ ದೂರದಿಂದ, ಒರಟಾಗಿ, ಅಕ್ಕನ ದನಿ ಬಂತು.

"ಥೂ. ಏನ್ ವಾಸ್ನೆನೇ. ಕಿವಿ ತೊಳ್ಕೊಳೇ, ಕೊಳಕಿ."

ಊರಿಗೆಲ್ಲ ಶುಚಿಯ ಪಾಠ ಹೇಳುವ ನನಗೆ, ಕೆಂಪು ಉಗುಳಿನ ಡಬ್ಬದವಳು ಹೇಳಿದ ಮಾತು. ಅಳುತ್ತಲೇ ನಕ್ಕೆ. ಅವತ್ತು ಸಂಜೆಯವರೆಗೆ ಅವಳು ನನ್ನ ಕಿವಿಯೊಳಗೇ ಮಾತಾಡಿದಳು. ಸುಸ್ತಾದಾಗ ಹಾಗೇ ಭುಜಕ್ಕೆ ಒರಗಿ, ಮತ್ತೆ ಶುರು ಮಾಡುತ್ತಿದ್ದಳು. ಅಮ್ಮನ ಮಸ್ಸೊಪ್ಪು ಇನ್ನೊಮ್ಮೆ ಬಂತು. ಎಂಜಲು ಕತ್ತಿನ ಮೇಲೆ ಇಳಿದು ರವಿಕೆ ಒದ್ದೆಯಾಯಿತು. ಮನೆಗೆ ಬರುವವರೆಗೂ ಒರೆಸಿಕೊಳ್ಳಲಿಲ್ಲ.

ಮಿಷನ್ ಆಮೇಲೆ ರಿಪೇರಿಯಾಯಿತು. ಅಕ್ಕನೂ ಉಳಿದಳು. ಕತ್ತಿನ ಬುಡದಲ್ಲಿ ಒಂದು ರಂಧ್ರ, ಅದರಲ್ಲೇ ಉಸಿರು. ಮಾತಿಲ್ಲ. ಆದರೆ ನಾನು ಹೋದಾಗಲೆಲ್ಲ ಮೊದಲು ಮಿಷನ್ ತೆಗೆಸಿ, ಕಿವಿ ಹಿಡಿದು ಎಳೆದು ಮೂಸುತ್ತಾಳೆ. ಸರಿಯಾಗಿದೆ ಎಂದು ತಲೆಯಾಡಿಸಿದ ಮೇಲೆಯೇ ಕೂರಲು ಜಾಗ. ಆ ಪರೀಕ್ಷೆಗೆ ಹೆದರಿ ನಾನು ದಿನವೂ, ಮೂಗು ಮುರಿದುಕೊಂಡೇ, ಆ ದರಿದ್ರ ಮೋಲ್ಡನ್ನು ತಿಕ್ಕಿ ತೊಳೆಯುತ್ತಿದ್ದೆ.

ಮೊನ್ನೆ ಜ್ವರ ಬಂದು ಮಲಗಿ, ತೊಳೆಯದೆ ಬಿಟ್ಟ ಮೋಲ್ಡನ್ನು ಹಾಗೇ ತುರುಕಿಕೊಂಡು ಕೆಂಗೇರಿಗೆ ಹೋದೆ. ಮೆಟ್ರೋದಲ್ಲಿ ನನಗೇ ನಾತ ಬಡಿಯುತ್ತಿತ್ತು. ಇವತ್ತು ಪರೀಕ್ಷೆಯಲ್ಲಿ ನಪಾಸು ಎಂದುಕೊಂಡು ಅಕ್ಕನ ಮುಂದೆ ಕೂತು ಮಿಷನ್ ತೆಗೆದೆ. ಅವಳು ಕಿವಿ ಎಳೆದು, ಮೂಗು ಹತ್ತಿರ ತಂದು ಮೂಸಿದಳು. ಸರಿಯಾಗಿದೆ ಎಂದು ತಲೆಯಾಡಿಸಿದಳು.

ಮಿಷನ್ ಮತ್ತೆ ಹಾಕಿಕೊಂಡು ಅಡುಗೆಮನೆಗೆ ಹೋಗಿ, ಅಕ್ಕನಿಗೆ ನೆಗಡಿಯೇನೇ ಎಂದು ಅವಳ ಸೊಸೆಯನ್ನು ಕೇಳಿದೆ.

"ಆಪರೇಷನ್ ಆದಾಗ್ಲೇ ಡಾಕ್ಟ್ರು ಹೇಳಿದ್ರಲ್ಲ ಚಿಕ್ಕತ್ತೆ. ಮೂಗಲ್ಲಿ ಉಸಿರೇ ಆಡಲ್ವಲ್ಲ, ಅವ್ರಿಗೆ ಯಾವ ವಾಸನೆನೂ ಗೊತ್ತಾಗಲ್ಲ" ಎಂದಳು ಸೊಸೆ.

ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆಮೇಲೆ ಅಲ್ಲೇ ಇದ್ದ ಬಟ್ಟೆ ಸೋಪಿನಲ್ಲಿ ಮೋಲ್ಡನ್ನು ಚೆನ್ನಾಗಿ ತಿಕ್ಕಿ, ಒರೆಸಿ, ಕಿವಿಯನ್ನೂ ತೊಳೆದುಕೊಂಡು ಬಂದು, ಮತ್ತೆ ಅಕ್ಕನ ಮುಂದೆ ಕಿವಿ ಕೊಟ್ಟು ಕೂತೆ. ಅವಳು ಮತ್ತೆ ಮೂಸಿದಳು.