ಗೌತಮಿ ಸರ್ವರ್ ಇಲ್ಲವೆಂದ ದಿನ

ಗೌತಮಿ ಓದಿದ್ದು ಮೈಸೂರಿನಲ್ಲಿ. ಮದುವೆಯಾಗಿ ನಂಜನಗೂಡಿಗೆ ಬಂದು, ಮಗಳಿಗೆ ಮೂರು ತುಂಬಿದ ಮೇಲೆ ಬಸ್ ನಿಲ್ದಾಣದ ಹಿಂದಿನ ಆನ್‌ಲೈನ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿದಳು. ಪಹಣಿಯಾಗಲಿ, ರೇಷನ್ ಕಾರ್ಡಾಗಲಿ, ಅವಳ ಕೈ ಚುರುಕು. ಮನಸ್ಸು ಮಾತ್ರ ಮನೆಯಲ್ಲಿ. ಮಗು ಉಂಡಿತೋ, ಕೆಮ್ಮು ಇಳಿಯಿತೋ ಎಂದು ಗಂಟೆಗೊಮ್ಮೆ ಅತ್ತೆ ನಾಗರತ್ನಮ್ಮನಿಗೆ ಫೋನು.

"ನಿನ್ ಫೋನ್ ಎತ್ತೋದ್ರಲ್ಲೇ ಮಗೀಗ್ ಉಣ್ಸಕಾಯ್ತಿಲ್ಲ ಕಣವ್ವ" ಎಂದು ಅತ್ತೆ ರೇಗಿಸುತ್ತಿದ್ದರು.

ಆ ದಿಗಿಲು ಅಡಗುತ್ತಿದ್ದುದು ಒಂದೇ ಕಡೆ: ಸೆಂಟರಿನ ಕಂಪ್ಯೂಟರಿನಲ್ಲಿ ಯಾರೋ ಹಾಕಿಟ್ಟಿದ್ದ ಗೇಮಿನಲ್ಲಿ. ಎಲ್ಲರೂ ಬಿಟ್ಟುಹೋದ ಒಂದು ಬಾಹ್ಯಾಕಾಶ ನೌಕೆ, ಒಳಗೆ ಒಬ್ಬಂಟಿ ನೀವು. ಆಮ್ಲಜನಕ ಸೋರುತ್ತಿರುತ್ತದೆ, ದೀಪಗಳು ಒಂದೊಂದಾಗಿ ಆರುತ್ತವೆ. ಕತ್ತಲಲ್ಲಿ ತಡಕಾಡಿ, ತುಂಡಾದ ತಂತಿ ಜೋಡಿಸಿ, ಸಿಲಿಂಡರ್ ಹುಡುಕಿ ಬದುಕಿಕೊಳ್ಳಬೇಕು. ಹೆಡ್‌ಫೋನ್ ಹಾಕಿಕೊಂಡರೆ ಅಲ್ಲಿ ಅಮ್ಮಾ ಎನ್ನುವವರೂ ಇಲ್ಲ, ಮೇಡಂ ಎನ್ನುವವರೂ ಇಲ್ಲ.

ಅಂದು ಬೆಳಗ್ಗೆ ಹನ್ನೊಂದಕ್ಕೆ, ನೌಕೆಯಲ್ಲಿ ನಾಲ್ಕು ನಿಮಿಷದ ಉಸಿರು ಉಳಿದಿದ್ದಾಗ, ಹೆಮ್ಮರಗಾಲದ ಚಿನ್ನಮ್ಮ ಬಂದು ಬಾಗಿಲಲ್ಲಿ ನಿಂತಳು. ಮೊಮ್ಮಗಳು ಶಿವಾನಿಗೆ ತಿ. ನರಸೀಪುರದ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಹಾಸ್ಟೆಲ್ ಅರ್ಜಿ ಹಾಕಲು ಅದೇ ಕೊನೆಯ ದಿನ. ಹಾಸ್ಟೆಲ್ ಸಿಗದಿದ್ದರೆ ಓದು ಸಾಕು ಎಂದು ಹುಡುಗಿಯ ಅಪ್ಪ ಹೇಳಿಬಿಟ್ಟಿದ್ದ.

ಗೌತಮಿ ಒಂದು ಕಿವಿಯ ಹೆಡ್‌ಫೋನ್ ಸರಿಸಿದಳು, ಕಣ್ಣು ಸರಿಸಲಿಲ್ಲ. "ಸರ್ವರ್ ಇಲ್ಲ ಅಜ್ಜಿ, ಆಮೇಲೆ ಬನ್ನಿ."

"ಬರ್ಲಿ ಬುಡವ್ವ, ನಾನೇನ್ ಓಗಾಕಿಲ್ಲ. ಇಲ್ಲೇ ಒರಗೆ ಕುಂತಿರ್ತೀನಿ."

ನಾಲ್ಕು ನಿಮಿಷ ಎಂದುಕೊಂಡದ್ದು ಎರಡು ಗಂಟೆಯಾಯಿತು. ಮಧ್ಯಾಹ್ನ ಒಂದಕ್ಕೆ ಚಿನ್ನಮ್ಮನ ಕಾಗದ ಇಸಿದುಕೊಂಡು ನೋಡಿದರೆ ಅರ್ಜಿಯ ಪುಟವೇ ತೆರೆಯಲಿಲ್ಲ. ಈಗ ಸರ್ವರ್ ನಿಜವಾಗಿಯೂ ಇರಲಿಲ್ಲ. ಗೌತಮಿ ಮತ್ತೆ ಮತ್ತೆ ಒತ್ತಿದಳು, ಬೇರೆ ಕಂಪ್ಯೂಟರಿಗೆ ಹೋದಳು, ಮೊಬೈಲಿನಲ್ಲಿ ನೋಡಿದಳು. ಅಂದು ಮನೆಗೆ ಫೋನು ಮಾಡುವುದನ್ನೂ ಮರೆತಳು. ಐದೂವರೆಗೆ ಪುಟ ತೆರೆದರೆ, ಅವಧಿ ಮುಗಿದಿದೆ ಎಂದು ಬಂತು. ಅವಳಿಗೆ ಅಳು ಒತ್ತರಿಸಿತು.

"ಅಳಬ್ಯಾಡ ಕೂಸೇ," ಚಿನ್ನಮ್ಮ ಅವಳ ಬೆನ್ನು ಸವರಿದಳು. "ಸರ್ವರ್ ಬರ್ದಿದ್ರೆ ನೀನೇನ್ ಮಾಡೀಯೆ? ಬೆಳಗಿಂದ ನೀನು ಒಂದ್ ತೊಟ್ಟು ಟೀ ಕುಡೀನಿಲ್ಲ, ಆ ಪೆಟ್ಗೇನೇ ನೋಡ್ಕಂಡ್ ಕುಂತಿದ್ದೆ. ಕಿಟ್ಕೀಲಿ ಕಂಡ್ನಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ನಾಳೆ ನರಸೀಪುರದ ಹಾಸ್ಟೆಲ್ ಆಫೀಸಿಗೇ ಹೋಗಿ ಕೇಳೋಣ, ನಾನೂ ಬರುತ್ತೇನೆ ಎಂದಷ್ಟೇ ಗೌತಮಿ ಹೇಳಿದಳು.

ಮರುದಿನ ಆಫೀಸಿನ ಸಾಹೇಬರು ಕಾಗದ ನೋಡಿ, "ನಿನ್ನೇನೇ ಮುಗೀತಲ್ರೀ, ಯಾಕ್ ತಡ?" ಎಂದರು.

"ಸರ್ವರ್ ಇರ್ನಿಲ್ಲ ಸಾ. ಈ ಕೂಸು ಬೆಳಗಿಂದ ಒದ್ದಾಡ್ತು, ಪಾಪ," ಎಂದಳು ಚಿನ್ನಮ್ಮ.

"ಎಲ್ರೂದೂ ಇದೇ ಕತೆ. ಅದಕ್ಕೆ ನಾನೇನೂ ಮಾಡಕ್ಕಾಗಲ್ಲ. ಸೆಂಟರ್‌ನೋರ ತಪ್ಪಾದ್ರೆ ಬರ್ದುಕೊಡ್ಲಿ, ಮೇಲಕ್ಕೆ ಕಳಿಸಿ ನೋಡ್ತೀನಿ."

ಸುಮ್ಮನಿದ್ದರೆ ಗೌತಮಿಯ ಮಾನ ಉಳಿಯುತ್ತಿತ್ತು, ಶಿವಾನಿಯ ಓದು ನಿಲ್ಲುತ್ತಿತ್ತು. ಅವಳು ಪೆನ್ನು ಇಸಿದುಕೊಂಡಳು. ಬೆಳಗ್ಗೆ ಸರ್ವರ್ ಇತ್ತು, ನಾನು ಗೇಮ್ ಆಡುತ್ತಿದ್ದೆ ಎಂದು ಬರೆದು ಸಹಿ ಹಾಕಿದಳು.

ಸಾಹೇಬರು ಅದನ್ನು ಗಟ್ಟಿಯಾಗಿ ಓದಿದರು. ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. "ಒಂದ್ ಮಗೀನ ತಾಯಿ ತರ ಕಾಣ್ತೀರಿ, ಗೇಮ್ ಆಡ್ಕಂಡ್ ಕೂತಿದ್ರಾ?" ಎಂದು ಸಾಹೇಬರು ಕಾಗದವನ್ನು ಫೈಲಿಗೆ ಸೇರಿಸಿದರು. "ಹದಿನೈದು ದಿನ ಬಿಟ್ಟು ಬನ್ನಿ. ಆಗ್ತದೆ ಅಂತ ಮಾತು ಕೊಡಲ್ಲ."

ಚಿನ್ನಮ್ಮ ಗೌತಮಿಯ ಮುಖವನ್ನೇ ನೋಡಿದಳು. "ಒರಗೆ ನಾ ಕುಂತಿದ್ನಲ್ಲವ್ವಾ" ಎಂದಳು. ಅಷ್ಟೇ.

ವಾಪಸು ಬರುವಾಗ ಬಸ್ಸಿನಲ್ಲಿ ಚಿನ್ನಮ್ಮ ಕಿಟಕಿಯ ಪಕ್ಕ ಕುಳಿತು, ಬಗಲ ಸೀಟಿನ ಮೇಲೆ ತನ್ನ ಚೀಲ ಇಟ್ಟುಕೊಂಡಳು. ಹಿಂದೆ ಸೀಟುಗಳು ಖಾಲಿಯಿದ್ದವು. ಗೌತಮಿ ನಂಜನಗೂಡಿನವರೆಗೂ ಕಂಬಿ ಹಿಡಿದು ನಿಂತೇ ಬಂದಳು.