ಪಕ್ಕದ ಮೇಜಿನ ಮೇಲ್ ಮರ್ಜ್

ಚಾಮರಾಜಪೇಟೆಯ ಒಂದು ಹಳೇ ಹೈಸ್ಕೂಲಿನ ಆಫೀಸಿನಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಕ್ಲರ್ಕು. ಹೊಟ್ಟೆಕಿಚ್ಚು ಅಂದರೆ ಏನು ಅಂತ ನನಗೆ ಸರಿಯಾಗಿ ಗೊತ್ತಾಗಿದ್ದು ಹತ್ತೊಂಬತ್ತನೇ ವರ್ಷದಲ್ಲಿ, ಪಕ್ಕದ ಮೇಜಿಗೆ ಅವರು ಬಂದು ಕೂತ ಮೇಲೆ.

ಅವರು ಚಿಕ್ಕವಯಸ್ಸಿನವರಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಈಗಿನ ಕಾಲದ ಹುಡುಗಿ, ಇವಕ್ಕೆಲ್ಲ ಇದು ಹುಟ್ಟಿನಿಂದಲೇ ಬರುತ್ತೆ ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಅವರು ನನಗಿಂತ ಆರು ವರ್ಷ ದೊಡ್ಡವರು. ಮಲ್ಲೇಶ್ವರದಲ್ಲಿರುವ ನಮ್ಮದೇ ಆಡಳಿತ ಮಂಡಳಿಯ ಇನ್ನೊಂದು ಶಾಲೆಯಿಂದ ವರ್ಗವಾಗಿ ಬಂದವರು. ನನ್ನ ಹಾಗೇ ಕಾಟನ್ ಸೀರೆ, ನನ್ನ ಹಾಗೇ ಓದುವ ಕನ್ನಡಕ, ಮೆಟ್ಟಿಲು ಹತ್ತುವಾಗ ನನ್ನ ಹಾಗೇ ಮಂಡಿ ಹಿಡಿದುಕೊಂಡು ನಿಲ್ಲುವುದು. ಟೈಪಿಂಗ್ ಕಲಿತಿದ್ದೂ ನನ್ನ ಹಾಗೇ ಹಳೇ ಟೈಪ್‌ರೈಟರ್ ಮೇಲೆ. ನನಗೆ ಹೇಳಿಕೊಳ್ಳಲು ಒಂದು ನೆಪವೂ ಸಿಗಲಿಲ್ಲ.

ಅವರು ಬರುವ ಮುಂಚೆ ಆ ಆಫೀಸು ನನ್ನದೇ ಅನ್ನುವ ಹಾಗಿತ್ತು. ಯಾವ ವರ್ಷದ ದಾಖಲಾತಿ ರಿಜಿಸ್ಟರ್ ಯಾವ ಬೀರುವಿನಲ್ಲಿದೆ ಅಂತ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ. ನನ್ನ ಅಕ್ಷರ ದುಂಡಗಿದೆ ಅಂತ ಬಹುಮಾನದ ಸರ್ಟಿಫಿಕೇಟುಗಳ ಮೇಲೆ ಹೆಸರು ಬರೆಯುವುದು ನಾನೇ. ಹೆಡ್‌ಮಾಸ್ಟರ ಹತ್ತಿರ ಯಾರು ಏನು ಕೇಳಿಕೊಂಡು ಹೋದರೂ "ಮೇಡಂನ ಕೇಳಿ" ಅನ್ನುತ್ತಿದ್ದರು. ಮೇಡಂ ಅಂದರೆ ನಾನು.

ಅವರು ಬಂದ ಎರಡನೇ ವಾರ ಹತ್ತನೇ ತರಗತಿಯ ಮಕ್ಕಳ ಮನೆಗೆಲ್ಲ ಕಾಗದ ಹೋಗಬೇಕಾಯಿತು. ಪ್ರತಿ ಕಾಗದದಲ್ಲೂ ಮಗುವಿನ ಹೆಸರು, ಸೆಕ್ಷನ್ನು, ಹಾಜರಾತಿ, ಪೋಷಕರ ಹೆಸರು ಬೇರೆ ಬೇರೆ. ನಾನು ಪ್ರತಿ ವರ್ಷ ಈ ಕೆಲಸಕ್ಕೆ ಒಂದು ವಾರ ತೆಗೆದುಕೊಳ್ಳುತ್ತಿದ್ದೆ. ಒಂದು ಕಾಗದ ಟೈಪ್ ಮಾಡಿ, ಪ್ರಿಂಟ್ ತೆಗೆದು, ಅದರಲ್ಲೇ ಹೆಸರು ಅಳಿಸಿ ಇನ್ನೊಂದು ಹೆಸರು ಹೊಡೆದು ಮತ್ತೆ ಪ್ರಿಂಟ್ ತೆಗೆಯುವುದು. ಕಂಪ್ಯೂಟರಿನಲ್ಲಿ ಮಾಡುತ್ತಿದ್ದೇನೆ ಅನ್ನುವ ಹೆಮ್ಮೆ ಬೇರೆ.

"ಈ ಸಲ ನಾನ್ ಮಾಡ್ಲಾ?" ಅಂತ ಅವರು ಕೇಳಿದರು. ಮಾಡಿ ನೋಡಲಿ, ಎರಡು ದಿನಕ್ಕೆ ಸುಸ್ತಾಗಿ ನನ್ನ ಹತ್ತಿರವೇ ಬರುತ್ತಾರೆ ಅಂದುಕೊಂಡು ಒಪ್ಪಿದೆ.

ಅವರು ವರ್ಡ್‌ನಲ್ಲಿ ಒಂದೇ ಒಂದು ಕಾಗದ ಟೈಪ್ ಮಾಡಿದರು. ಹೆಸರಿರಬೇಕಾದ ಕಡೆ ಖಾಲಿ ಜಾಗ ಬಿಟ್ಟರು. ಎಕ್ಸೆಲ್‌ನಲ್ಲಿದ್ದ ಮಕ್ಕಳ ಪಟ್ಟಿಯನ್ನು ಅದಕ್ಕೆ ಜೋಡಿಸಿ ಏನೋ ಒತ್ತಿದರು. ಕಂಪ್ಯೂಟರು ಪಟ್ಟಿಯಿಂದ ಒಂದೊಂದೇ ಹೆಸರು ತಂದು ಖಾಲಿ ಜಾಗದಲ್ಲಿ ಕೂರಿಸಿತು. ಪ್ರಿಂಟರ್ ಕಾಗದ ಉಗುಳುತ್ತಾ ಹೋಯಿತು. ಊಟದ ಬೆಲ್ ಹೊಡೆಯುವಷ್ಟರಲ್ಲಿ ನನ್ನ ಒಂದು ವಾರದ ಕೆಲಸ ಅವರ ಮೇಜಿನ ಮೇಲೆ ಕಟ್ಟಾಗಿ ಕೂತಿತ್ತು. ಅದಕ್ಕೆ ಮೇಲ್ ಮರ್ಜ್ ಅಂತಾರೆ ಅಂತ ಅವರೇ ಹೇಳಿದರು. ನಾನು "ಹೂಂ, ಗೊತ್ತು" ಅಂದೆ. ಗೊತ್ತಿರಲಿಲ್ಲ.

ಹೆಡ್‌ಮಾಸ್ಟರು ಹೊರಗೆ ಬಂದು ಕಟ್ಟನ್ನು ಕೈಯಲ್ಲಿ ತೂಗಿ ನೋಡಿದರು. "ಇಷ್ಟ್ ಬೇಗ ಆಗೋ ಕೆಲಸಾನಾ ಇದು?" ಅಂದರು. ಹೆಡ್‌ಮಾಸ್ಟರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ಶುರುವಾಯಿತು. ಅವರು ಮಾಡುವುದನ್ನೆಲ್ಲ ನಾನು ಕದ್ದು ನೋಡತೊಡಗಿದೆ. ಉದ್ದದ ಪಟ್ಟಿಯನ್ನು ಎಷ್ಟು ಕೆಳಗೆ ಎಳೆದರೂ ಮೇಲಿನ ಶೀರ್ಷಿಕೆಯ ಸಾಲು ಅಲ್ಲಾಡದೆ ನಿಲ್ಲುವಂತೆ ಮಾಡುತ್ತಿದ್ದರು. ನಾನು ಹತ್ತೊಂಬತ್ತು ವರ್ಷ ಯಾವ ಕಾಲಂ ಯಾವುದು ಅಂತ ಮೇಲಕ್ಕೂ ಕೆಳಕ್ಕೂ ಓಡಾಡಿದವಳು. ಎರಡು ಅಕ್ಷರ ಹೊಡೆದು ಸ್ಪೇಸ್ ಒತ್ತಿದರೆ ಇಡೀ ಶಾಲೆಯ ಹೆಸರು, ವಿಳಾಸ ಬಂದು ಬೀಳುತ್ತಿತ್ತು. ಹಳೇ ಸುತ್ತೋಲೆಯಲ್ಲಿ ಹದಿನೈದು ಕಡೆ ಇದ್ದ ತಪ್ಪು ಪದವನ್ನು ಒಂದೇ ಏಟಿಗೆ ಬದಲಾಯಿಸುತ್ತಿದ್ದರು. ಎಲ್ಲವೂ ನನ್ನ ಕಂಪ್ಯೂಟರಿನಲ್ಲೂ ಇದ್ದವು. ಅದು ಇನ್ನೂ ಉರಿ.

ಹೊಟ್ಟೆಕಿಚ್ಚು ಇಂಥ ಕಡೆಗೇ ಅಂತ ನಿಲ್ಲುವುದಿಲ್ಲ. ಅವರ ಚಿತ್ರಾನ್ನದಲ್ಲಿ ಕಡಲೆಕಾಯಿ ಬೀಜ ಮೆತ್ತಗಾಗದೆ ಇರುತ್ತಿದ್ದುದು, ಮೇಷ್ಟರುಗಳು ಪ್ರಶ್ನೆಪತ್ರಿಕೆ ಸರಿಮಾಡಿಸಿಕೊಳ್ಳಲು ಅವರ ಮೇಜಿಗೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದುದು, ಪ್ರಿಂಟರ್ ಓಡುವಾಗ ಅವರು ಮೆಲ್ಲಗೆ ಏನೋ ಗುನುಗುತ್ತಿದ್ದುದು, ಎಲ್ಲಕ್ಕೂ ಉರಿದುಕೊಂಡೆ. ಒಂದು ದಿನ ಹೆಡ್‌ಮಾಸ್ಟರು ಯಾರಿಗೋ "ಮೇಡಂನ ಕೇಳಿ" ಅಂದಾಗ ನಾನು ಎದ್ದು ನಿಂತೆ. ಬಂದವರು ನನ್ನನ್ನು ದಾಟಿ ಪಕ್ಕದ ಮೇಜಿಗೆ ಹೋದರು. ನಾನು ಬೀರುವಿನ ಬೀಗ ತೆಗೆಯಲು ಎದ್ದವಳ ಹಾಗೆ ನಟಿಸಿ, ಬೇಡದ ರಿಜಿಸ್ಟರ್ ಒಂದನ್ನು ತೆಗೆದುಕೊಂಡು ಬಂದು ಕೂತೆ.

ಎನ್.ಆರ್. ಕಾಲೋನಿಯ ಮನೆಗೆ ಹೋಗಿ ಅಡುಗೆ ಮಾಡುವಾಗಲೂ ಇದೇ ಮಾತು. ಕೇಳಿ ಕೇಳಿ ನನ್ನ ಯಜಮಾನರಿಗೆ ಸಾಕಾಯಿತು.

"ಅವರನ್ನೇ ಕೇಳಿ ಕಲ್ತ್‌ಕೊಬೋದಲ್ಲ?" ಅಂದರು.

"ಅವರನ್ನ ಕೇಳೋ ಗತಿ ನಂಗೇನ್ ಬಂದಿದೆ?"

"ಹಂಗಾದ್ರೆ ನನ್ ತಲೆ ತಿನ್ಬೇಡ."

ನಾನು ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿಯಲು ಶುರು ಮಾಡಿದೆ. ಬಸ್ಸಿನಲ್ಲಿ, ಗಾಂಧಿ ಬಜಾರಿನಲ್ಲಿ ಹೂವಿಗೆ ಕಾಯುವಾಗ, ಕುಕ್ಕರ್ ಕೂಗುವವರೆಗೆ. ಒಂದು ನೋಟ್‌ಬುಕ್ಕಿನಲ್ಲಿ ಯಾವ ಗುಂಡಿಯ ನಂತರ ಯಾವ ಗುಂಡಿ ಅಂತ ಬರೆದುಕೊಂಡೆ. ನನ್ನ ದುಂಡನೆ ಅಕ್ಷರದಲ್ಲಿ ಅದು ನೋಡಲು ಚೆನ್ನಾಗಿತ್ತು.

ಆ ವರ್ಷ ಡಿಸೆಂಬರಿನಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆ ಹಳೇ ವಿದ್ಯಾರ್ಥಿಗಳನ್ನೆಲ್ಲ ಕರೆಯಬೇಕು ಅಂತಾಯಿತು. ಆರುನೂರು ಚಿಲ್ಲರೆ ಜನರ ಹೆಸರು, ವಿಳಾಸದ ಪಟ್ಟಿಯನ್ನು ಅವರು ಎರಡು ತಿಂಗಳಿಂದ ಕೂಡಿಸಿಟ್ಟಿದ್ದರು. ಆಫೀಸಿನವರೆಲ್ಲ ತೆರೆಯಲು ಆಗಲಿ ಅಂತ ಆ ಫೈಲನ್ನು ಆನ್‌ಲೈನಿನಲ್ಲಿ ಇಟ್ಟಿದ್ದರು. ಅವೆನ್ಯೂ ರಸ್ತೆಯಿಂದ ಕವರುಗಳ ಕಟ್ಟು ಬಂದು ಬಿದ್ದಿತ್ತು. ಕವರಿನ ಮೇಲೆ ಅಂಟಿಸುವ ವಿಳಾಸದ ಚೀಟಿಗಳನ್ನು ಸೋಮವಾರ ತೆಗೆಯುವುದು ಅಂತ ತೀರ್ಮಾನ. ಶನಿವಾರ ಅವರು ರಜೆ ಹಾಕಿದ್ದರು.

ಸೋಮವಾರ ಅವರು ಬರುವಷ್ಟರಲ್ಲಿ ಆರುನೂರು ಚೀಟಿಯೂ ಸಿದ್ಧವಾಗಿ ಹೆಡ್‌ಮಾಸ್ಟರ ಮೇಜಿನ ಮೇಲಿದ್ದರೆ ಹೇಗಿರುತ್ತದೆ ಅಂತ ಯೋಚಿಸಿದೆ. ಶನಿವಾರ ಅರ್ಧ ದಿನದ ಶಾಲೆ. ಎಲ್ಲರೂ ಹೋದ ಮೇಲೆ ನೋಟ್‌ಬುಕ್ ತೆರೆದು ಕೂತೆ.

ಮೊದಲು ಹೆಸರುಗಳನ್ನು ಅಕ್ಷರಗಳ ಕ್ರಮದಲ್ಲಿ ಜೋಡಿಸೋಣ, ಅಂದವಾಗಿರುತ್ತೆ ಅನ್ನಿಸಿತು. ಹೆಸರಿನ ಕಾಲಂ ಮಾತ್ರ ಆರಿಸಿ, ಸಾರ್ಟ್ ಒತ್ತಿದೆ. ಒಂದು ಚಿಕ್ಕ ಪೆಟ್ಟಿಗೆ ಬಂದು ಇಂಗ್ಲಿಷಿನಲ್ಲಿ ಏನೋ ಕೇಳಿತು. ಪಕ್ಕದ ಕಾಲಂಗಳನ್ನೂ ಸೇರಿಸಬೇಕಾ, ಇಲ್ಲಾ ಇದೊಂದೇ ಸಾಕಾ ಅಂತ. ಪೂರ್ತಿ ಓದುವ ತಾಳ್ಮೆ ನನಗಿರಲಿಲ್ಲ. ಇದೊಂದೇ ಸಾಕು ಅನ್ನುವುದನ್ನು ಒತ್ತಿದೆ.

ಹೆಸರುಗಳು ಚೆಂದಕ್ಕೆ ಸಾಲಾಗಿ ನಿಂತವು. ವಿಳಾಸಗಳು ಮಾತ್ರ ಇದ್ದಲ್ಲೇ ಇದ್ದವು.

ಗೊತ್ತಾಗಿದ್ದು ಮೂರನೇ ಹಾಳೆ ಚೀಟಿ ಪ್ರಿಂಟ್ ಆದಾಗ. ಮೂವತ್ತು ವರ್ಷದಿಂದ ಬಿನ್ನಿಪೇಟೆಯಲ್ಲಿರುವ ನನ್ನ ಪರಿಚಯದ ಒಬ್ಬರ ಹೆಸರಿನ ಕೆಳಗೆ ಜಯನಗರದ ವಿಳಾಸ ಬಂದಿತ್ತು. ಮೊದಲಿನ ಹಾಗಾಗಲಿ ಅಂತ ಹಿಂದಕ್ಕೆ ಒತ್ತಿದೆ, ಗಾಬರಿಯಲ್ಲಿ ಇನ್ನೇನೇನೋ ಒತ್ತಿದೆ, ಆಮೇಲೆ ಫೈಲನ್ನೇ ಮುಚ್ಚಿಬಿಟ್ಟೆ. ಅಷ್ಟರಲ್ಲಿ ಅದು ತಾನಾಗೇ ಸೇವ್ ಆಗಿತ್ತು; ಮತ್ತೆ ತೆರೆದರೆ ಆರುನೂರು ಜನರೂ ಬೇರೆಯವರ ಮನೆಯಲ್ಲೇ ಇದ್ದರು. ಪ್ರಿಂಟಾದ ಮೂರು ಹಾಳೆಯನ್ನು ಹರಿದು ಬ್ಯಾಗಿಗೆ ಹಾಕಿಕೊಂಡು ಮನೆಗೆ ಹೋದೆ. ಭಾನುವಾರ ಏನು ತಿಂದೆ ಅಂತ ನೆನಪಿಲ್ಲ.

ಸೋಮವಾರ ಬೆಳಿಗ್ಗೆ ಅವರು ಫೈಲ್ ತೆರೆದು ಪಟ್ಟಿಯನ್ನು ಮೇಲಿಂದ ಕೆಳಗಿನವರೆಗೂ ಎಳೆದು ನೋಡಿದರು. ಅಷ್ಟರಲ್ಲಿ ಹೆಡ್‌ಮಾಸ್ಟರು ಬಂದರು.

"ಚೀಟಿ ಶುರು ಮಾಡಿದ್ರಾ?"

"ಇಲ್ಲ ಸಾರ್. ಪಟ್ಟಿ ಪೂರ್ತಿ ಅದಲು ಬದಲಾಗಿದೆ."

"ಅದ್ಹೇಗಾಗುತ್ತೆ? ನೀವೇ ತಾನೇ ಮಾಡಿದ್ದು? ಎರಡ್ ತಿಂಗಳಿಂದ ಅದನ್ನೇ ಮಾಡ್ತಿದೀರಿ!" ಹೆಡ್‌ಮಾಸ್ಟರು ಅವರ ಮೇಲೆ ದನಿ ಎತ್ತಿದ್ದು ಅದೇ ಮೊದಲು. "ಈ ಹೊತ್ತಲ್ಲಿ ಹಿಂಗಂದ್ರೆ ಏನ್ ಮಾಡ್ಲಿ ನಾನು?"

ನಾನು ನನ್ನ ಮೇಜಿನಲ್ಲಿ ಹಾಜರಿ ಪುಸ್ತಕದ ಮೇಲೆ ಬಗ್ಗಿ ಕೂತಿದ್ದೆ. ನಾನೇ ಮಾಡಿದ್ದು ಅಂತ ಹೇಳಲು ಬಾಯಿ ತೆರೆದರೆ ಸಾಕಿತ್ತು. ತೆರೆಯಲಿಲ್ಲ. ನಿಜ ಹೇಳಬೇಕೆಂದರೆ, ಅವರು ಬೈಸಿಕೊಳ್ಳುತ್ತಿದ್ದ ಆ ಅರೆಗಳಿಗೆ ನನಗೆ ಹಿತವಾಯಿತು. ಹೆದರಿಕೆಯ ಜೊತೆಗೇ ಹಿತವಾಯಿತು.

"ಹತ್ ನಿಮಿಷ ಕೊಡಿ ಸಾರ್" ಅಂದರು ಅವರು.

ಹೆಡ್‌ಮಾಸ್ಟರು ಒಳಗೆ ಹೋದರು. ಪಕ್ಕದ ಮೇಜಿನವರು ತಕ್ಷಣ ಏನೂ ಮಾಡಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ನೀರು ಕುಡಿದರು, ಕಿಟಕಿಯ ಆಚೆ ನೋಡಿದರು. ಕೊನೆಗೆ ಮೌಸ್ ಹಿಡಿದು ಎಲ್ಲೋ ಒಂದು ಕಡೆ ಒತ್ತಿದರು. ಪರದೆಯ ಬಲಗಡೆ ಒಂದು ಪಟ್ಟಿ ತೆರೆದುಕೊಂಡಿತು. ಆ ಫೈಲಿನ ಹಿಂದಿನ ರೂಪಗಳೆಲ್ಲ ಅಲ್ಲಿದ್ದವು. ಯಾವ ದಿನ, ಎಷ್ಟು ಗಂಟೆಗೆ, ಯಾರು ಬದಲಾಯಿಸಿದ್ದು ಅಂತ ಒಂದೊಂದರ ಕೆಳಗೂ ಬರೆದಿತ್ತು. ಎಲ್ಲಕ್ಕಿಂತ ಮೇಲೆ ಶನಿವಾರ ಮಧ್ಯಾಹ್ನ, ನನ್ನ ಹೆಸರು. ನನ್ನ ಕುರ್ಚಿಯಿಂದಲೇ ಅದು ಕಾಣುತ್ತಿತ್ತು.

ಅವರು ಶುಕ್ರವಾರದ್ದನ್ನು ಆರಿಸಿ, ಮರಳಿ ತಂದರು. ಹೆಸರುಗಳು ತಂತಮ್ಮ ಮನೆ ಸೇರಿದವು. "ಸರಿ ಹೋಯ್ತು ಸಾರ್" ಅಂತ ಇಲ್ಲಿಂದಲೇ ಕೂಗಿ ಹೇಳಿ, ಚೀಟಿ ಪ್ರಿಂಟ್ ಹಾಕಿದರು. ನನ್ನ ಕಡೆ ತಿರುಗಲೇ ಇಲ್ಲ.

ಊಟದ ಹೊತ್ತಿನಲ್ಲಿ ನನಗೆ ತಡೆಯಲಾಗಲಿಲ್ಲ. "ಮೇಡಂ, ಅದು ಶನಿವಾರ..." ಅಂತ ಶುರು ಮಾಡಿದೆ.

"ಗೊತ್ತು" ಅಂದರು ಡಬ್ಬಿ ಮುಚ್ಚುತ್ತಾ. "ಫೈಲ್ ತೆಗ್ದಾಗ್ಲೇ ಮೇಲ್ಗಡೆ ನಿಮ್ ಹೆಸ್ರು ನೋಡಿದ್ದೆ. ಸರಿ ಮಾಡಕ್ಕೆ ಒಂದ್ ನಿಮಿಷದ ಕೆಲ್ಸ. ಹತ್ ನಿಮಿಷ ಯಾಕೆ ಕೇಳ್ದೆ ಗೊತ್ತಾ? ನೀವು ಬಾಯಿ ಬಿಡ್ತೀರೇನೋ ಅಂತ ಕಾಯ್ತಿದ್ದೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅನ್ನದ ಡಬ್ಬಿ ಹಾಗೇ ಬಿಟ್ಟು ಎದ್ದು ಹೆಡ್‌ಮಾಸ್ಟರ ಕೋಣೆಗೆ ಹೋದೆ. "ಸಾರ್, ಪಟ್ಟಿ ಕೆಡಿಸಿದ್ದು ನಾನು. ಅವರದ್ದೇನೂ ತಪ್ಪಿಲ್ಲ" ಅಂದೆ. ಏನೋ ದೊಡ್ಡದು ಆಗಿಬಿಡುತ್ತೆ ಅಂದುಕೊಂಡಿದ್ದೆ.

ಹೆಡ್‌ಮಾಸ್ಟರು ಫೈಲಿನಿಂದ ತಲೆ ಎತ್ತಿದರು. "ಹೌದಾ? ಹೋಗ್ಲಿ ಬಿಡಿ, ಸರಿ ಆಯ್ತಲ್ಲ. ಸದ್ಯ ಅವರಿದ್ರು, ಇಲ್ದೇ ಇದ್ರೆ ನಮ್ ಗತಿ ಏನು?"

ತಪ್ಪೊಪ್ಪಿಕೊಂಡು ಬಂದ ಮೇಲೂ ಹೊಗಳಿಕೆ ಅವರಿಗೇ ಹೋಯಿತು. ಬಾಗಿಲು ದಾಟುವಾಗ ನನಗೆ ನಾಚಿಕೆಗಿಂತ ಮೊದಲು ಬಂದಿದ್ದು ಮತ್ತೆ ಅದೇ ಉರಿ. ಇದನ್ನು ಬರೆಯಲು ಸಂಕೋಚವಾಗುತ್ತದೆ, ಆದರೆ ಹಾಗೇ ಆಗಿದ್ದು.

ಮಾರನೇ ದಿನ ನನ್ನ ನೋಟ್‌ಬುಕ್ಕನ್ನು ಅವರ ಮೇಜಿನ ಮೇಲೆ ಇಟ್ಟೆ. ಅವರು ಪುಟ ತಿರುಗಿಸಿ ನೋಡಿದರು. "ಇಷ್ಟೆಲ್ಲಾ ಒಬ್ರೇ ಕಲ್ತ್ರಾ?" ಅಂದರು. ನಾಲ್ಕು ಕಡೆ ಪೆನ್ಸಿಲಿನಲ್ಲಿ ತಿದ್ದಿದರು. ಆಮೇಲೆ ದಿನಾ ಊಟವಾದ ಮೇಲೆ ಕಾಲು ಗಂಟೆ ಹೇಳಿಕೊಟ್ಟರು. ನಿಧಾನವಾಗಿ, ಒಂದು ಸಲವೂ ಬೇಜಾರು ಮಾಡಿಕೊಳ್ಳದೆ. ಅವರು ನಿವೃತ್ತರಾಗುವಷ್ಟರಲ್ಲಿ ನನಗೆ ಅವರಿಗೆ ಬರುತ್ತಿದ್ದುದೆಲ್ಲ ಬರುತ್ತಿತ್ತು, ಅಥವಾ ಹಾಗಂತ ನಾನು ನಂಬಿದ್ದೆ. ಬೀಳ್ಕೊಡುಗೆಯ ದಿನ ಮೇಷ್ಟರುಗಳು ಕಣ್ಣೊರೆಸಿಕೊಂಡಿದ್ದನ್ನು ನೋಡಿ, ನಾನು ಹೋಗುವಾಗಲೂ ಇವರೆಲ್ಲ ಅಳುತ್ತಾರಾ ಅಂತ ಯೋಚಿಸಿಕೊಂಡೇ ಹಾರ ಹಾಕಿದೆ.

ಹೋದ ತಿಂಗಳು ಒಂದು ಪಟ್ಟಿಯಲ್ಲಿ ಒಂದೇ ಮಗುವಿನ ಹೆಸರು ಎರಡೆರಡು ಸಲ ಸೇರಿಬಿಟ್ಟಿತ್ತು. ಅಂಥವನ್ನೆಲ್ಲ ಹುಡುಕಿ ತೆಗೆಯುವುದು ಹೇಗೆ ಅಂತ ಬೆಳಿಗ್ಗೆಯಿಂದ ಒದ್ದಾಡಿ, ಕೊನೆಗೆ ಮಲ್ಲೇಶ್ವರದ ಅವರ ಮನೆಗೆ ಫೋನ್ ಮಾಡಿದೆ. ಹಿಂದೆ ಒಗ್ಗರಣೆ ಸಿಡಿಯುವ ಸದ್ದು. ನಾನು ಹೇಳಿ ಮುಗಿಸುವ ಮೊದಲೇ, ಯಾವ ಮೆನು, ಅದರಲ್ಲಿ ಎಷ್ಟನೆಯದು ಅಂತ ಪರದೆ ಎದುರಿಗೇ ಇದ್ದ ಹಾಗೆ ಹೇಳಿಬಿಟ್ಟರು. ಒತ್ತಿದೆ. ಹೆಚ್ಚುವರಿ ಹೆಸರುಗಳೆಲ್ಲ ಹೋದವು.

"ಆಯ್ತಾ?" ಅಂದರು.

"ಹೂಂ ಮೇಡಂ. ನಂಗೂ ಈಗ್ತಾನೆ ಅದೇ ಹೊಳೀತಿತ್ತು" ಅಂದೆ.

ಅವರು ನಕ್ಕರು. "ಗೊತ್ತು ಬಿಡಿ" ಅಂದು, ಒಗ್ಗರಣೆ ಸೀಯುತ್ತೆ ಅಂತ ಫೋನ್ ಇಟ್ಟರು.