ಇರಲಿರಾಯರು ಹಿಡಿದುಕೊಂಡಿದ್ದು

"ಅವರ ಮನೆಗೆ ಹೋಗೋದಾದ್ರೆ ಊಟಕ್ಕೆ ಮುಂಚೆ ಹೋಗಿ. ಹೊಟ್ಟೆ ತುಂಬಿದ್ರೆ ಪಡಸಾಲೆ ದಾಟೋಕಾಗಲ್ಲ" ಎನ್ನುತ್ತಿದ್ದರು ಅಕ್ಕಪಕ್ಕದವರು. ಸುಳ್ಳೇನಲ್ಲ. ಬಾಗಿಲಲ್ಲೇ ಒಂದು ಕೆಟ್ಟ ಫ್ರಿಜ್ಜು, ಅದರ ಹಿಂದೆ ಅದಕ್ಕಿಂತ ಕೆಟ್ಟ ಫ್ರಿಜ್ಜು, ಆಚೆಗೆ ಮೂರು ಕಾಲಿನ ಮೇಜು, ಬಟ್ಟೆ ಒಗೆಯುವುದನ್ನು ಮರೆತು ಹನ್ನೊಂದು ವರ್ಷವಾದ ಯಂತ್ರ. ಯಾವುದನ್ನು ಎಸೆಯೋಣವೆಂದರೂ ಯಜಮಾನರದು ಒಂದೇ ಮಾತು: "ಇರಲಿ, ಬೇಕಾಗುತ್ತೆ." ಹೀಗಾಗಿ ಹೆತ್ತವರಿಟ್ಟ ಹೆಸರು ಮೂಲೆ ಸೇರಿ, ಬೀದಿಗೆಲ್ಲ ಅವರು ಇರಲಿರಾಯರು.

ಇಂಥ ಮಹಾನುಭಾವರ ಉದ್ಯೋಗವೇನು ಗೊತ್ತೇ? ಕಸ ಗುಡಿಸುವ ಪ್ರೋಗ್ರಾಂ ಬರೆಯುವುದು! ನಕ್ಷೆ ಅಚ್ಚು ಹಾಕುವ ಕಂಪನಿಯ ಕಂಪ್ಯೂಟರಿನಲ್ಲಿ ಭಾರೀ ಭಾರೀ ಚಿತ್ರಗಳು ಬಂದು ಮೆಮೊರಿಯಲ್ಲಿ ಕೂರುತ್ತವೆ. ಕೆಲಸ ಮುಗಿದ ಮೇಲೆ ಯಾರೂ ಹಿಡಿದುಕೊಂಡಿರದ, ಅಂದರೆ ಯಾವ ಪಟ್ಟಿಯಲ್ಲೂ ವಿಳಾಸ ಉಳಿದಿರದ, ಚಿತ್ರವನ್ನು ರಾಯರ ಪ್ರೋಗ್ರಾಂ ತಾನಾಗಿಯೇ ಆಚೆ ಹಾಕಿ ಜಾಗ ಬಿಡಿಸಬೇಕು.

"ಆಫೀಸಲ್ಲಿ ಊರವರ ಕಸ ಗುಡಿಸ್ತೀರಿ. ಮನೇಲಿ ನನಗೊಂದು ಮೇಜು ಹಾಕೋಕೆ ಜಾಗ ಇಲ್ಲ" ಎಂದಳು ಹೆಂಡತಿ. ಆಕೆ ಬಟ್ಟೆ ಹೊಲಿಯುವವಳು. ಹೊಲಿಗೆ ಯಂತ್ರವನ್ನು ಬಚ್ಚಲ ಬಾಗಿಲಿಗೆ ಆನಿಸಿಟ್ಟು, ಯಾರಾದರೂ ಒಳಗೆ ಹೋಗಬೇಕೆಂದಾಗಲೆಲ್ಲ ಎದ್ದು, ಸರಿಸಿ, ಮತ್ತೆ ಕೂತು ಹೊಲಿದವಳು. "ಬೇರೆ ಕಡೆ ಎರಡು ಕೋಣೆ ಮನೆ ನೋಡಿದೀನಿ. ಒಂದನೇ ತಾರೀಖು ಹೋಗ್ತೀನಿ. ಬರೋದಾದ್ರೆ ಕೈ ಬೀಸ್ಕೊಂಡು ಬನ್ನಿ. ಒಂದು ಮೊಳೆ ತಂದ್ರೂ ಬಾಗಿಲು ತೆಗೆಯಲ್ಲ ಕಣ್ರೀ."

"ಇರಲಿ, ಯೋಚನೆ ಮಾಡೋಣ" ಎಂದರು ರಾಯರು. ಅವರ ಯೋಚನೆ ಮುಗಿಯುವಷ್ಟರಲ್ಲಿ ಆಕೆ ಹೋಗಿಯೂ ಆಗಿತ್ತು.

ಅದೇ ವಾರ ಆಫೀಸಿನ ಕಂಪ್ಯೂಟರು ದಿನಾ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಉಸಿರುಗಟ್ಟಿ ಬೀಳತೊಡಗಿತು.

"ನನ್ನ ಪ್ರೋಗ್ರಾಂ ಹತ್ತು ನಿಮಿಷಕ್ಕೊಮ್ಮೆ ಗುಡಿಸುತ್ತೆ" ಎಂದು ರಾಯರು ಎದೆಯುಬ್ಬಿಸಿದರು.

"ಪೊರಕೆ ಏನೋ ಬೀಸುತ್ತೆ ಸಾರ್, ಕಸ ಮಾತ್ರ ಇದ್ದಲ್ಲೇ ಇರುತ್ತೆ" ಎಂದು ಮೇಲಧಿಕಾರಿಣಿ ಪರದೆಯ ಮೇಲೆ ಬೆರಳಿಟ್ಟಳು. "ಇದ್ಯಾವ ಪಟ್ಟಿ?"

ರಾಯರೇ ಬರೆದ ಪಟ್ಟಿ. ಮುಂದೆ ಬೇಕಾದೀತೆಂದು, ಬಂದ ಒಂದೊಂದು ಚಿತ್ರದ ವಿಳಾಸವನ್ನೂ ಅದರಲ್ಲಿ ಸೇರಿಸಿಟ್ಟಿದ್ದರು. ಪ್ರೋಗ್ರಾಂ ಪಾಪ, ಪೊರಕೆ ಹಿಡಿದು ಬರುವುದು, 'ಓಹೋ, ಯಾರೋ ಹಿಡಿದುಕೊಂಡಿದ್ದಾರೆ' ಎಂದು ಮರ್ಯಾದೆಯಿಂದ ಮುಂದೆ ಹೋಗುವುದು.

"ಯಾರು ಸಾರ್ ಹಿಡ್ಕೊಂಡಿರೋದು?"

"ನಾನೇ" ಎಂದರು ರಾಯರು. ಹಾಗೆನ್ನುವಾಗ ಅವರಿಗೆ ಕಂಡದ್ದು ನಕ್ಷೆಯಲ್ಲ, ಬಚ್ಚಲ ಬಾಗಿಲಲ್ಲಿ ಎದ್ದು ಕೂರುತ್ತಿದ್ದ ಹೆಂಡತಿ. ಪಟ್ಟಿ ಅಳಿಸಿದರು. ಮೂರು ಗಂಟೆ ಬಂತು, ಹೋಯಿತು. ಕಂಪ್ಯೂಟರು ಕೆಮ್ಮಲೂ ಇಲ್ಲ.

ಭಾನುವಾರ ಗುಜರಿಯವನು ಗಾಡಿ ತಂದ. "ಯಾವ್ದು ಇಟ್ಕೋತೀರಿ ಯಜಮಾನ್ರೇ?" ಅಭ್ಯಾಸಬಲದಿಂದ ತೆರೆದ ಬಾಯನ್ನು ರಾಯರು ಅಂಗೈಯಿಂದ ಮುಚ್ಚಿಕೊಂಡು, ಇಲ್ಲವೆಂದು ತಲೆಯಾಡಿಸಿದರು. ಫ್ರಿಜ್ಜುಗಳು ಹೋದ ಮೇಲೆ ಇಣುಕಿದ ಪಕ್ಕದ ಮನೆಯಾಕೆ, "ಅಯ್ಯೋ, ನಿಮ್ಮ ಗೋಡೆ ಹಸಿರೇನ್ರೀ?" ಎಂದಳು. ರಾಯರಿಗೂ ಅದು ಹೊಸ ಸುದ್ದಿಯೇ.

ಬೀಗ ಹಾಕುವ ಮುನ್ನ ಹೊಸ್ತಿಲ ಬಳಿ ತುಕ್ಕು ಹಿಡಿದ ಮೊಳೆಯೊಂದು ಕಂಡಿತು. ಎತ್ತಿ ಜೇಬಿಗೆ ಹಾಕಿಕೊಂಡರು. ನಾಲ್ಕು ಹೆಜ್ಜೆ ಹೋದರು, ನಿಂತರು, ತಿರುಗಿ ಬಂದು ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಆಮೇಲೆ ಬೀಗ ಹಾಕಿ ಬೀಗದಕೈಯನ್ನು ಮನೆಯೊಡೆಯನಿಗೆ ಕೊಟ್ಟು, ಎರಡೂ ಕೈಗಳನ್ನು ಇಡೀ ಬೀದಿಗೆ ಕಾಣುವಷ್ಟು ಜೋರಾಗಿ ಬೀಸುತ್ತ ಹೊರಟರು.